ಹೆಬ್ಬೆಟ್ಟಿನ ಬೆಲೆ

ಶಾಸನಗಳ ಪಾಠ ಮಾಡುವಾಗ ನಾನು ವಿದ್ಯಾರ್ಥಿಗಳಿಂದ ತಪ್ಪದೆ ಬರೆಯಿಸುವ ಮಾತೊಂದುಂಟು: ನೆತ್ತರುಗೊಡಗೆ. ತುರುಗಳನ್ನು ಮರಳಿ ತರುವಾಗಲೋ, ಒಡೆಯನ ಪರವಾಗಿ ಕಾದುವಾಗಲೋ ಮಡಿದವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿಗೆ ಆ ಹೆಸರು. ಬಾಳ್ಗಳ್ಚು, ಕಲ್ನಾಡು ಎಂಬವೂ ಇದೇ ಬಳಗದ ಮಾತುಗಳು. ಬೆಂಗಳೂರಿನ ಬಳಿಯ ಬೇಗೂರಿನಲ್ಲಿ ದೊರೆತು, ನಗರದ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದ ದೊಡ್ಡ ವೀರಗಲ್ಲನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಅದು ಗಂಗರ ಎರೆಯಪ್ಪನ ಕಾಲದ್ದು. ನಾಗತ್ತರನೆಂಬ ಅಧಿಕಾರಿ ತುಂಬೆಪಾಡಿಯ ಕಾಳಗದಲ್ಲಿ ಸತ್ತನು. ಅರಸನು ಮೆಚ್ಚಿ, ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಹಳ್ಳಿಗಳ ಹೆಸರನ್ನು ಕೂಡ ಕಲ್ಲಿನಲ್ಲಿ ಕೊರೆಯಿಸಿದೆ.

ಇದನ್ನು ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಸತ್ತವನ ಮನೆಗೆ ಹೊಲ ಬಂತು. ಕೈ ಕಳಕೊಂಡು ಬದುಕಿ ಬಂದವನಿಗೆ?” ಎಂದು ಕೇಳಿದ. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ವೀರಗಲ್ಲು ಸತ್ತವನ ಕಲ್ಲು. ಅದರ ಮೂರು ಹಂತಗಳಲ್ಲಿ ಕಾಳಗವಿದೆ, ಅಪ್ಸರೆಯರಿದ್ದಾರೆ, ಕೈಲಾಸವಿದೆ. ಮೊಂಡುಗೈಯಿಂದ ಮನೆಗೆ ಮರಳಿದವನಿಗೆ ಎಡೆಯಿಲ್ಲ. ಇನ್ನೂ ಒಂದು ಮಾತು. ಕೊಡಗೆಯೆಂದರೆ ಕೊಡುಗೆ, ಅರಸನ ಮೆಚ್ಚಿಗೆಯ ಫಲ. ಮೆಚ್ಚದಿದ್ದರೆ ಕೇಳಲು ಬಾಯಿಲ್ಲ. ಮೆಚ್ಚಿಗೆ ಹಕ್ಕಾಗಲು ಎಷ್ಟು ಕಾಲ ಹಿಡಿಯಿತೆಂಬುದನ್ನು ನೋಡಹೊರಟರೆ ಬೇಗೂರನ್ನು ಬಿಟ್ಟು ಬಹುದೂರ ಹೋಗಬೇಕಾಗುತ್ತದೆ.

ಇಂಗ್ಲೆಂಡಿನಲ್ಲಿ 1837ರಲ್ಲಿ ಕಟುಕನೊಬ್ಬನ ಕೆಲಸದಾಳು ಪ್ರೀಸ್ಟ್ಲಿ ಎಂಬವನು, ಮಿತಿಮೀರಿ ಸರಕು ಹೇರಿದ ಗಾಡಿ ಮುರಿದು ಬಿದ್ದು ತೊಡೆಮುರಿದುಕೊಂಡ ಮೊಕದ್ದಮೆ ತೀರ್ಮಾನವಾಯಿತು. ಪಂಚರು ಅವನಿಗೆ 100 ಪೌಂಡು ಕೊಡಿಸಿದರು. ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ನ್ಯಾಯಾಧೀಶ ಲಾರ್ಡ್ ಅಬಿಂಜರ್ ಕೊಟ್ಟ ಕಾರಣ ಸ್ವಾರಸ್ಯವಾಗಿದೆ: ಇದನ್ನು ಒಪ್ಪಿದರೆ, ಮನೆಗೆಲಸದವಳು ಒದ್ದೆ ಹಾಸಿಗೆ ಹಾಸಿದಳೆಂದು ಇನ್ನೊಬ್ಬ ಆಳು ಯಜಮಾನನ ಮೇಲೆ ದಾವಾ ಹೂಡಬಹುದಲ್ಲ! ಗಾಡಿಯ ಸ್ಥಿತಿ ಆಳಿಗೂ ತಿಳಿಯದೆ ಇದ್ದಿರಲಾರದು. ಅಪಾಯವೆನಿಸಿದರೆ ಕೆಲಸವನ್ನೇ ಒಲ್ಲೆನೆನ್ನಬಹುದಿತ್ತು ಎಂಬುದು ಅವರ ವಾದ. ಒಲ್ಲೆನೆಂದವನ ಮನೆಯಲ್ಲಿ ರಾತ್ರಿ ಒಲೆ ಉರಿಯುವ ಬಗೆ ಹೇಗೆಂಬುದು ಆ ಪೀಠದ ಗಮನಕ್ಕೆ ಬಂದಂತೆ ಕಾಣದು. ಜರ್ಮನಿಯಲ್ಲಿ ಬಿಸ್ಮಾರ್ಕನು 1884ರಲ್ಲಿ ಅಪಘಾತ ವಿಮೆಯ ಕಾನೂನು ತಂದನು. ಇಂಗ್ಲೆಂಡು ತನ್ನ ಪರಿಹಾರದ ಕಾಯಿದೆ ಮಾಡಿದ್ದು 1897ರಲ್ಲಿ.

ನಮ್ಮಲ್ಲಿ ಮೊದಲು ಬಾಯಿ ಬಿಟ್ಟವರು ಮುಂಬಯಿಯ ಗಿರಣಿಯ ಕೂಲಿಗಳು. ಜ್ಯೋತಿಬಾ ಫುಲೆಯವರ ಅನುಯಾಯಿ, ‘ದೀನಬಂಧು’ ಪತ್ರಿಕೆಯನ್ನು ನಡೆಸುತ್ತಿದ್ದ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಸಭೆಗಳನ್ನು ಸೇರಿಸಿ, ಕಾರ್ಖಾನೆ ಆಯೋಗಕ್ಕೆ ಬಿನ್ನಹವೊಂದನ್ನು ಸಿದ್ಧಪಡಿಸಿದರು. 5,500 ಮಂದಿ ಒಪ್ಪಿದ ಆ ಬಿನ್ನಹದಲ್ಲಿ ಭಾನುವಾರದ ರಜೆ, ನಡುಹಗಲಿನ ಅರ್ಧಗಂಟೆ ಬಿಡುವು ಇವುಗಳ ಜೊತೆಗೆ ಇನ್ನೊಂದು ಬೇಡಿಕೆಯಿತ್ತು: ಕೆಲಸದಲ್ಲಿ ಗಾಯಗೊಂಡವನಿಗೆ ವಾಸಿಯಾಗುವವರೆಗೆ ಪೂರ್ತಿ ಕೂಲಿ, ಜನ್ಮಕ್ಕೆ ಅಂಗಹೀನನಾದರೆ ಜೀವನಕ್ಕೊಂದು ದಾರಿ. ನಮ್ಮ ಹುಡುಗ ಕೇಳಿದ ಪ್ರಶ್ನೆಯೇ ಇದು. ಸರ್ಕಾರ ಉತ್ತರ ಕೊಡಲು ಮೂವತ್ತೊಂಬತ್ತು ವರ್ಷ ತೆಗೆದುಕೊಂಡಿತು.

1923ರಲ್ಲಿ ಕೆಲಸಗಾರರ ಪರಿಹಾರ ಕಾಯಿದೆ ಅಂಗೀಕಾರವಾಗಿ, 1924ರ ಜುಲೈ 1ರಿಂದ ಜಾರಿಗೆ ಬಂತು. ಯಜಮಾನನ ತಪ್ಪನ್ನು ಸಾಧಿಸಬೇಕಾದ ಹೊರೆ ಇಲ್ಲಿ ತಪ್ಪಿತು. ಕೆಲಸದಿಂದ, ಕೆಲಸದ ಹೊತ್ತಿನಲ್ಲಿ ಆದ ಅಪಘಾತವೆಂದರೆ ಸಾಕು. ಸತ್ತರೆ ಮೂವತ್ತು ತಿಂಗಳ ಕೂಲಿ, ಆದರೆ 2,500 ರೂಪಾಯಿ ಮೀರುವಂತಿಲ್ಲ. ಈ ಕಾಯಿದೆಯ ಮೊದಲನೆಯ ಪರಿಶಿಷ್ಟವನ್ನು ನಾನು ಕಾವ್ಯ ಓದುವಷ್ಟು ನಿಧಾನವಾಗಿ ಓದಿದ್ದೇನೆ. ಮನುಷ್ಯನ ಮೈಯನ್ನು ಅಂಗ ಅಂಗವಾಗಿ ಬಿಡಿಸಿ ಅಲ್ಲಿ ಶೇಕಡಾ ಹಾಕಿದೆ. ಮೊಣಕೈಯ ಮೇಲೆ ಬಲತೋಳು ಹೋದರೆ 70, ಎಡತೋಳಾದರೆ 60. ಒಂದು ಕಣ್ಣಿಗೆ 30, ಹೆಬ್ಬೆಟ್ಟಿಗೆ 25, ತೋರುಬೆರಳಿಗೆ 10, ಉಳಿದ ಬೆರಳು ಒಂದೊಂದಕ್ಕೆ 5. ಎಡಚನ ಗತಿಯೇನೆಂದು ಬರೆದವರು ಯೋಚಿಸಿದಂತಿಲ್ಲ. ನಮ್ಮ ಕವಿಗಳ ಅಂಗಾಂಗವರ್ಣನೆಯಲ್ಲಿ ಒಂದೊಂದು ಅಂಗಕ್ಕೆ ಒಂದೊಂದು ಉಪಮಾನ. ಇಲ್ಲಿ ಒಂದೊಂದಕ್ಕೆ ಒಂದೊಂದು ಅಂಕೆ. ಆದರೂ ಈ ಒಣಪಟ್ಟಿಯ ಮೇಲೆ ನನಗೆ ಗೌರವವಿದೆ. ಅಂಕೆ ಬರೆದಿಟ್ಟ ಮೇಲೆ ಯಜಮಾನನ ಮುಖ ನೋಡಿ ಕೈಯೊಡ್ಡಬೇಕಾಗಿಲ್ಲ. ಮುಂದೆ ಬಲ ಎಡಗಳ ಭೇದ ಹೋಯಿತು, ಹೆಬ್ಬೆಟ್ಟು 30ಕ್ಕೇರಿತು. 1984ರ ತಿದ್ದುಪಡಿ ವಯಸ್ಸಿಗೆ ತಕ್ಕ ಗುಣಕವನ್ನು ಸೇರಿಸಿತು. 2009ರಲ್ಲಿ ಕೆಲಸಗಾರ ಎಂಬ ಮಾತು ಹೋಗಿ ನೌಕರ ಎಂಬುದು ಬಂತು. 2020ರ ಸಾಮಾಜಿಕ ಭದ್ರತಾ ಸಂಹಿತೆ ಹಳೆಯ ಕಾಯಿದೆಯನ್ನು ತನ್ನೊಳಗೆ ಸೇರಿಸಿಕೊಂಡಿತು.

ಹೆಬ್ಬೆಟ್ಟಿನ ಲೆಕ್ಕ ನನಗೆ ಬಾಯಿಪಾಠವಾಗಿರುವುದಕ್ಕೆ ಬೇರೆ ಕಾರಣವಿದೆ. ನಮ್ಮ ತಂದೆಯವರು ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. 1991ರಲ್ಲಿ, ನಾನು ಐದನೆಯ ತರಗತಿಯಲ್ಲಿದ್ದಾಗ, ಮರೆಯಿಲ್ಲದ ಗರಗಸದ ಚಕ್ರಕ್ಕೆ ಅವರ ಬಲಗೈ ಹೆಬ್ಬೆಟ್ಟು ಹೋಯಿತು. ಎಂಟು ದಿನದ ಮೇಲೆ ಮಿಲ್ಲಿನ ಗುಮಾಸ್ತರು ಮನೆಗೆ ಬಂದರು. ಆಸ್ಪತ್ರೆಯ ಖರ್ಚು ಯಜಮಾನರೇ ನೋಡಿಕೊಂಡಿದ್ದರು. ಮೇಲೆ 500 ರೂಪಾಯಿ ತಂದಿದ್ದರು. ಒಂದು ಕಾಗದವನ್ನೂ ತಂದಿದ್ದರು. ಅಪ್ಪನಿಗೆ ಅಕ್ಷರ ಬಾರದು. “ಓದು ಮಗಾ” ಎಂದರು. ನಾನು ಎದ್ದು ನಿಂತು, ಶಾಲೆಯಲ್ಲಿ ಓದುವ ಹಾಗೆ, ಗಟ್ಟಿಯಾಗಿ ಓದಿದೆ. ನನಗೆ ಬರಬೇಕಾದ್ದೆಲ್ಲ ಸಂದಾಯವಾಗಿದೆ, ಮುಂದೆ ಯಾವ ತಕರಾರೂ ಇಲ್ಲ ಎಂದು ಅದರಲ್ಲಿತ್ತು. ತಪ್ಪಿಲ್ಲದೆ ಓದಿದೆನೆಂದು ಗುಮಾಸ್ತರು ಬೆನ್ನು ತಟ್ಟಿದರು. “ಧಣಿಗಳು ದೊಡ್ಡ ಮನಸ್ಸು ಮಾಡಿದರು” ಎಂದು ಅಮ್ಮ ಕೈಮುಗಿದಳು.

ಹಕ್ಕನ್ನು ಬಿಟ್ಟುಕೊಟ್ಟೆನೆಂದು ಬರೆಯಿಸಿಕೊಂಡ ಕರಾರು ಅಸಿಂಧುವೆಂದು ಕಾಯಿದೆಯ ಹದಿನೇಳನೆಯ ಪ್ರಕರಣ ಹೇಳುತ್ತಿತ್ತು. ಅದನ್ನು ನಾನು ಓದಿದ್ದು ಎಂ.ಎ. ಮುಗಿಸಿ ಎಷ್ಟೋ ವರ್ಷಗಳ ಮೇಲೆ, ಆ ಹುಡುಗನ ಪ್ರಶ್ನೆಯ ದೆಸೆಯಿಂದ. ಅಂದು ರಾತ್ರಿ ಲೆಕ್ಕ ಹಾಕಿದೆ. ಅಪ್ಪನಿಗೆ ಆಗ ಮೂವತ್ತೈದು ವರ್ಷ, ತಿಂಗಳ ಕೂಲಿ 600 ರೂಪಾಯಿ. ಅದರ ಅರ್ಧ 300. ಮೂವತ್ತೈದರ ಗುಣಕ 197.06, ಗುಣಿಸಿದರೆ 59,118, ಅದರಲ್ಲಿ ನೂರಕ್ಕೆ ಮೂವತ್ತು ಎಂದರೆ 17,735 ರೂಪಾಯಿ. ಎರಡೂವರೆ ವರ್ಷದ ಕೂಲಿಗಿಂತ ಹತ್ತಿರ ಹತ್ತಿರ ಮಾತ್ರ ಕಡಿಮೆ.

ಮರುದಿನ ಹುಡುಗನಿಗೆ ಲೋಖಂಡೆಯವರ ಬಿನ್ನಹವನ್ನೂ ಪರಿಶಿಷ್ಟವನ್ನೂ ತೋರಿಸಿದೆ. ಅವನ ಅಣ್ಣ ಊರಿನ ಹಿಟ್ಟಿನ ಗಿರಣಿಯಲ್ಲಿದ್ದಾನೆಂದೂ ಹಿಂದಿನ ತಿಂಗಳು ಪಟ್ಟಿಗೆ ಕೈ ಸಿಕ್ಕಿತೆಂದೂ ಆಗ ತಿಳಿಯಿತು. “ಏನಾದರೂ ಕಾಗದಕ್ಕೆ ರುಜು ಹಾಕಿದ್ದಾನೇನಪ್ಪ?” ಎಂದು ಕೇಳಿದೆ. “ಇನ್ನೂ ಇಲ್ಲ ಸಾರ್, ಈ ಭಾನುವಾರ ಬರುತ್ತಾರಂತೆ” ಎಂದ. ಶನಿವಾರ ಸಂಜೆಯ ಬಸ್ಸಿಗೆ ಅವನ ಜೊತೆ ನಾನೂ ಹೊರಟೆ.