ಮೂಲವ್ಯಾಧಿಯ ಹೆಸರಿನಲ್ಲಿ ಮರೆಯಾಗುವ ಕ್ಯಾನ್ಸರ್: ಧಾರವಾಡದ ಹಳ್ಳಿಗಾಡು ಮತ್ತು ಎಚ್‌ಐವಿಯ ನಂತರದ ಕಾಲ

ಗುದದ್ವಾರದ ಕ್ಯಾನ್ಸರ್ ಜನಸಾಮಾನ್ಯರಲ್ಲಿ ಅಪರೂಪ. ಒಂದು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬಿಬ್ಬರಿಗೆ ಬಂದರೆ ಹೆಚ್ಚು. ಎಚ್‌ಐವಿ ಇರುವವರ ಲೆಕ್ಕ ಬೇರೆ. ಹೆಚ್ಚಾಗಿ ಪಶ್ಚಿಮ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಪುರುಷರೊಡನೆ ಲೈಂಗಿಕ ಸಂಬಂಧವಿರುವ ಎಚ್‌ಐವಿ ಸೋಂಕಿತ ಪುರುಷರಲ್ಲಿ ವರ್ಷಕ್ಕೆ ಲಕ್ಷಕ್ಕೆ ಸುಮಾರು 85 ಮಂದಿಗೆ, ಸೋಂಕಿತ ಇತರ ಪುರುಷರಲ್ಲಿ 32 ಮಂದಿಗೆ, ಸೋಂಕಿತ ಮಹಿಳೆಯರಲ್ಲಿ 22 ಮಂದಿಗೆ ಈ ಕ್ಯಾನ್ಸರ್ ಬರುತ್ತದೆ. ಹತ್ತರಲ್ಲಿ ಒಂಬತ್ತು ಪ್ರಕರಣಗಳ ಹಿಂದೆ ಇರುವುದು ಹ್ಯೂಮನ್ ಪ್ಯಾಪಿಲೋಮಾ ವೈರಾಣು, ಅಂದರೆ ಎಚ್‌ಪಿವಿ. ಅದರಲ್ಲೂ 16ನೇ ಬಗೆಯದೇ ದೊಡ್ಡ ಪಾಲು. ಗರ್ಭಕಂಠದ ಕ್ಯಾನ್ಸರಿಗೂ ಇದೇ ಕಾರಣ. ಗರ್ಭಕಂಠದ ವಿಷಯ ಇಂದು ಆಶಾ ಕಾರ್ಯಕರ್ತೆಯ ಬಾಯಲ್ಲೂ ಬರುತ್ತದೆ. ಗುದದ್ವಾರದ ಮಾತನ್ನು ವೈದ್ಯರೂ ಅಷ್ಟಾಗಿ ಎತ್ತುವುದಿಲ್ಲ. ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲ್ಲೂಕುಗಳಲ್ಲಿ ಈ ರೋಗಕ್ಕೆ ಎಡೆ ಸಿಕ್ಕಿದ್ದು ಹೇಗೆಂದು ತಿಳಿಯಲು ಅಲ್ಲಿ ಎಚ್‌ಐವಿ ಬಂದ ದಾರಿಯನ್ನು ನೋಡಬೇಕು.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಉತ್ತರ ಕರ್ನಾಟಕಕ್ಕೆ ಅದು ಬಂದ ದಾರಿಗಳು ಅದಕ್ಕಿಂತ ಬಹಳ ಹಳೆಯವು. ನವಲಗುಂದ, ಅಣ್ಣಿಗೇರಿಯ ಎರೆಭೂಮಿ ಮಳೆಯನ್ನೇ ನಂಬಿದ ನೆಲ. ಹಂಗಾಮು ಮುಗಿದರೆ, ಇಲ್ಲವೇ ಮಳೆ ಕೈಕೊಟ್ಟರೆ, ದುಡಿಯಲು ಗೋವಾಕ್ಕೆ ಹೋಗುವುದು ಇಲ್ಲಿಯ ರೂಢಿ. ಹುಬ್ಬಳ್ಳಿಯಿಂದ ವಾಸ್ಕೊಗೆ ರೈಲಿದೆ. ಪುಣೆ–ಬೆಂಗಳೂರು ಹೆದ್ದಾರಿ, ಸೊಲ್ಲಾಪುರದ ರಸ್ತೆ, ಕಾರವಾರದ ರಸ್ತೆ ಮೂರೂ ಹುಬ್ಬಳ್ಳಿಯಲ್ಲಿ ಕೂಡುತ್ತವೆ. ಲಾರಿಗಳ ಸಾಲು ಹಗಲಿರುಳು ಹರಿಯುತ್ತದೆ. ಕಟ್ಟಡದ ಕೆಲಸಕ್ಕೆ ಹೋದ ಕೂಲಿಕಾರರು, ಹತ್ತಿ–ಮೆಣಸಿನಕಾಯಿ ಹೇರಿದ ಲಾರಿಗಳ ಚಾಲಕರು, ಕ್ಲೀನರುಗಳು ತಿಂಗಳುಗಟ್ಟಲೆ ಮನೆಯಿಂದ ದೂರವಿದ್ದು ತಿರುಗಿ ಬರುತ್ತಿದ್ದರು.

ಇನ್ನೊಂದು ದಾರಿ ದೇವದಾಸಿ ಪದ್ಧತಿಯದು. ಸವದತ್ತಿ ಎಲ್ಲಮ್ಮನ ಗುಡ್ಡ ನವಲಗುಂದಕ್ಕೆ ದೂರವೇನಲ್ಲ. ಧಾರವಾಡ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದಲ್ಲಿಯೇ, 1934ರಲ್ಲಿ, ಮುತ್ತು ಕಟ್ಟಿ ದೇವದಾಸಿಯಾಗಿಸುವುದನ್ನು ತಡೆಯುವ ಮೊದಲ ಕಾನೂನು ಬಂತು. 1982ರಲ್ಲಿ ಕರ್ನಾಟಕ ತನ್ನದೇ ನಿಷೇಧ ಕಾಯ್ದೆ ಮಾಡಿತು. ಆದರೂ 1993–94 ಮತ್ತು 2007–08ರ ಎರಡು ಸರ್ಕಾರಿ ಸಮೀಕ್ಷೆಗಳಲ್ಲಿ ರಾಜ್ಯದ 46,660 ಮಹಿಳೆಯರು ದೇವದಾಸಿಯರೆಂದು ದಾಖಲಾದರು. ಬಡತನವೂ ಜಾತಿಯೂ ಕೂಡಿ ಇವರಲ್ಲಿ ಹಲವರನ್ನು ಲೈಂಗಿಕ ವೃತ್ತಿಗೆಂದು ಮುಂಬೈಯ ಕಾಮಾಟಿಪುರಕ್ಕೆ, ಸಾಂಗಲಿಗೆ, ವಾಸ್ಕೊ ಬಳಿಯ ಬೈನಾ ಕಡಲತೀರಕ್ಕೆ ಕಳಿಸಿದವು. ಬೈನಾದ ಗುಡಿಸಲುಗಳನ್ನು 2004ರ ಜೂನ್‌ನಲ್ಲಿ ಕೆಡವಿದಾಗ ನೆಲೆ ಕಳೆದುಕೊಂಡವರಲ್ಲಿ ಕನ್ನಡ ಮಾತನಾಡುವ ಮಹಿಳೆಯರು ಬಹಳ ಮಂದಿ ಇದ್ದರು.

ಎಚ್‌ಐವಿಯ ಇತಿಹಾಸ ಬರೆದವರು ಇಲ್ಲಿಗೇ ನಿಂತು, ತಪ್ಪನ್ನೆಲ್ಲ ಈ ಮಹಿಳೆಯರ ತಲೆಗೆ ಕಟ್ಟಿದ್ದುಂಟು. ಅದು ನ್ಯಾಯವಲ್ಲ. ಹಣ ಕೊಟ್ಟು ಬಂದವರೂ ಸೋಂಕನ್ನು ಹಳ್ಳಿಯ ಮನೆಗೆ ತಂದವರೂ ಗಂಡಸರು. ಗಂಡನನ್ನು ಬಿಟ್ಟು ಬೇರೊಬ್ಬರನ್ನು ಅರಿಯದ ಹೆಂಡತಿಗೆ ಸೋಂಕು ಇರುವುದು ಗೊತ್ತಾಗುತ್ತಿದ್ದುದು ಚೊಚ್ಚಲ ಬಸುರಿನ ರಕ್ತ ಪರೀಕ್ಷೆಯಲ್ಲಿ. 2003ರಲ್ಲಿ ಹತ್ತಿರದ ಬಾಗಲಕೋಟೆ ಜಿಲ್ಲೆಯಲ್ಲಿ ಸಾಮಾನ್ಯ ಜನರ ನಡುವೆಯೇ ನಡೆದ ಸಮೀಕ್ಷೆ ಶೇ 3ರ ಆಸುಪಾಸು ಸೋಂಕು ತೋರಿಸಿತು. ದೇಶದ ಸರಾಸರಿ ಆಗ ಶೇ 1ಕ್ಕಿಂತ ಕಡಿಮೆ. ಅದೇ ವರ್ಷ ಮ್ಯಾನಿಟೋಬಾ ವಿಶ್ವವಿದ್ಯಾಲಯ ಮತ್ತು ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಯ ಸಹಭಾಗಿತ್ವದಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಹುಟ್ಟಿತು. ಲೈಂಗಿಕ ವೃತ್ತಿಯ ಮಹಿಳೆಯರ ಸಂಘಗಳು ಹುಟ್ಟಿಕೊಂಡವು, ಕಾಂಡೋಮ್ ಹಂಚಿಕೆ ಹೆಚ್ಚಿತು.

ಪುರುಷರ ನಡುವಿನ ಸಂಬಂಧದ ಚರಿತ್ರೆಗೆ ಇಷ್ಟು ದಾಖಲೆಯೂ ಇಲ್ಲ. ಎಲ್ಲಮ್ಮನಿಗೆ ಮೀಸಲಾಗಿ ಸೀರೆ ಉಟ್ಟು ಪಡ್ಡಲಗಿ, ಚೌಡಿಕೆ ಹಿಡಿದ ಜೋಗಪ್ಪಗಳು ಎಲ್ಲರ ಕಣ್ಣಿಗೂ ಕಾಣುವವರು. ಹಬ್ಬಕ್ಕೆ ಅವರು ಬೇಕು, ಜನ ಅವರ ಕಾಲಿಗೂ ಬೀಳುತ್ತಾರೆ. ಅವರಿಗೆ ಜಡ್ಡು ಬಂದಾಗ ಆಸ್ಪತ್ರೆಯ ಸಾಲಿನಲ್ಲಿ ಅದೇ ಗೌರವ ಸಿಗುವುದಿಲ್ಲ. ಲಗ್ನವಾಗಿ ಮಕ್ಕಳೊಂದಿಗರಾಗಿ, ಊರಿಗೆ ಗೊತ್ತಾಗದಂತೆ ಗಂಡಸರ ಜೊತೆ ಸಂಬಂಧವಿಟ್ಟುಕೊಂಡವರಂತೂ ಯಾವ ಪಟ್ಟಿಯಲ್ಲೂ ಇಲ್ಲ. ಏಡ್ಸ್ ತಡೆ ಕಾರ್ಯಕ್ರಮ ಇವರನ್ನು ಅರಸಿದ್ದು ನಗರಗಳ ಬಸ್ ನಿಲ್ದಾಣ, ಉದ್ಯಾನಗಳಲ್ಲಿ. ಕುಂದಗೋಳದ ಹೊಲದ ಬದುವಿನ ತನಕ ಅದು ಹೋಗಲಿಲ್ಲ. ಇಂಥ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡ ಸಂಹಿತೆಯ 377ನೇ ಕಲಮಿನ ಭಯವೂ ಇತ್ತು. ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಂಬಂಧವನ್ನು ಅದರ ಹಿಡಿತದಿಂದ ಬಿಡಿಸಿದ್ದು 2018ರ ಸೆಪ್ಟೆಂಬರ್ 6ರಂದು. ಇಷ್ಟು ವರ್ಷಗಳ ಮೌನದ ಒಂದು ಫಲವೆಂದರೆ, ಗುದದ್ವಾರದ ತೊಂದರೆ ಹೇಳಿಕೊಂಡರೆ ತನ್ನ ಬದುಕೇ ಬಯಲಾದೀತೆಂಬ ಅಂಜಿಕೆ.

ಎಚ್‌ಐವಿಗೆ ಔಷಧಿ ಬರುವ ಮುನ್ನ ಕ್ಯಾನ್ಸರಿನ ಪ್ರಶ್ನೆಯೇ ಏಳುತ್ತಿರಲಿಲ್ಲ. ಸೋಂಕಿತರು ಕ್ಷಯದಿಂದ, ಭೇದಿಯಿಂದ, ಮೆದುಳಿನ ಸೋಂಕಿನಿಂದ ಬೇಗನೇ ಸಾಯುತ್ತಿದ್ದರು. 2001ರಲ್ಲಿ ಸಿಪ್ಲಾ ಕಂಪನಿ ಮೂರು ಔಷಧಿಗಳ ಚಿಕಿತ್ಸೆಯನ್ನು ಪರೋಪಕಾರಿ ಸಂಸ್ಥೆಗಳಿಗೆ ವರ್ಷಕ್ಕೆ 350 ಡಾಲರಿಗೆ ಕೊಡುವುದಾಗಿ ಹೇಳಿದಾಗ ಜಗತ್ತು ಬೆರಗಾಯಿತು. ಆ ಬೆಲೆಯೂ ಎರೆಹೊಲದ ಕೂಲಿಕಾರನಿಗೆ ಎಟುಕುವಂಥದ್ದಲ್ಲ. 2004ರ ಏಪ್ರಿಲ್ 1ರಂದು ಕೇಂದ್ರ ಸರ್ಕಾರ ಈ ಔಷಧಿಗಳ ಉಚಿತ ಚಿಕಿತ್ಸೆ, ಅಂದರೆ ಎಆರ್‌ಟಿ ಶುರು ಮಾಡಿತು. ಕರ್ನಾಟಕವೂ ಮೊದಲ ರಾಜ್ಯಗಳಲ್ಲಿ ಒಂದು. ಮುಂದಿನ ವರ್ಷಗಳಲ್ಲಿ ಹುಬ್ಬಳ್ಳಿಯ ಕಿಮ್ಸ್‌ನಲ್ಲಿ ಎಆರ್‌ಟಿ ಕೇಂದ್ರ ತೆರೆಯಿತು. ರಕ್ತ ಪರೀಕ್ಷೆ ಮತ್ತು ಆಪ್ತಸಮಾಲೋಚನೆ ತಾಲ್ಲೂಕು ಆಸ್ಪತ್ರೆಗಳಿಗೆ ಬಂದವು. 2017ರಿಂದ ರೋಗನಿರೋಧಕ ಶಕ್ತಿಯ ಅಳತೆಯಾದ ಸಿಡಿ4 ಎಣಿಕೆ ಎಷ್ಟೇ ಇರಲಿ, ಸೋಂಕು ಗೊತ್ತಾದ ಕೂಡಲೇ ಗುಳಿಗೆ. ಅದೇ ವರ್ಷ ಸಂಸತ್ತು ಎಚ್‌ಐವಿ ಕಾಯ್ದೆಯನ್ನು ಅಂಗೀಕರಿಸಿತು. ಸೋಂಕಿತರ ಗುಟ್ಟು ಕಾಯುವುದು ಮತ್ತು ಚಿಕಿತ್ಸೆಯಲ್ಲಿ ಭೇದ ಮಾಡದಿರುವುದು 2018ರಿಂದ ಕಾನೂನಿನ ಬಲ ಪಡೆದವು.

ಹೀಗೆ ಇಪ್ಪತ್ತರ ಹರೆಯದಲ್ಲಿ ಸಾಯಬೇಕಿದ್ದವರು ನಲವತ್ತು, ಐವತ್ತು ದಾಟಿದರು. ಎಚ್‌ಪಿವಿಗೆ ಬೇಕಾದದ್ದು ಈ ಕಾಲವೇ. ಗುದನಾಳದ ಒಳಪೊರೆ ಮತ್ತು ಹೊರಚರ್ಮ ಕೂಡುವ ಅಂಚಿನ ಜೀವಕೋಶಗಳಲ್ಲಿ ಅದು ನೆಲೆಯೂರುತ್ತದೆ. ಆರೋಗ್ಯವಂತರಲ್ಲಿ ರೋಗನಿರೋಧಕ ಶಕ್ತಿ ಬಹುಪಾಲು ಸೋಂಕನ್ನು ಒಂದೆರಡು ವರ್ಷಗಳಲ್ಲಿ ಅಡಗಿಸುತ್ತದೆ. ಎಚ್‌ಐವಿಯಿಂದ ಆ ಶಕ್ತಿ ಒಮ್ಮೆ ಕುಸಿದಿದ್ದರೆ, ಗುಳಿಗೆಯಿಂದ ಸಿಡಿ4 ಮತ್ತೆ ಏರಿದರೂ, ಎಚ್‌ಪಿವಿ ಉಳಿದುಬಿಡುವ ಸಂಭವ ಹೆಚ್ಚು. ಜೀವಕೋಶಗಳು ಮೊದಲು ವಿಕಾರಗೊಂಡು, ಅವುಗಳಲ್ಲಿ ಕೆಲವು ಹಲವು ವರ್ಷಗಳ ಮೇಲೆ ಕ್ಯಾನ್ಸರಾಗುತ್ತವೆ. ತಂಬಾಕು ಸೇವನೆ, ಮುಖ್ಯವಾಗಿ ಬೀಡಿ ಸಿಗರೇಟು, ಈ ಅಪಾಯವನ್ನು ಹೆಚ್ಚಿಸುತ್ತದೆ. ಗುದಸಂಭೋಗ ಮಾಡದವರಿಗೂ ವೈರಾಣು ತಗಲಬಹುದು. ಗರ್ಭಕಂಠದಲ್ಲಿ ಎಚ್‌ಪಿವಿಯ ವಿಕಾರ ಕಂಡುಬಂದ ಮಹಿಳೆಯರಲ್ಲಿ ಗುದದ್ವಾರದ ಅಪಾಯವೂ ಹೆಚ್ಚು. 1993ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಗರ್ಭಕಂಠದ ಕ್ಯಾನ್ಸರನ್ನು ಏಡ್ಸ್‌ನ ಲಕ್ಷಣಗಳ ಪಟ್ಟಿಗೆ ಸೇರಿಸಿತು. ಗುದದ್ವಾರದ್ದು ಆ ಪಟ್ಟಿಗೆ ಸೇರಲೇ ಇಲ್ಲ, ಕಾರ್ಯಕ್ರಮಗಳ ಲಕ್ಷ್ಯಕ್ಕೂ ಬೀಳಲಿಲ್ಲ.

ಇಲ್ಲಿಯ ಹಳ್ಳಿಗಳಲ್ಲಿ ಈ ರೋಗ ಮರೆಯಾಗುವುದು ಮೂಲವ್ಯಾಧಿಯ ಹಿಂದೆ. ಸಂಡಾಸಿಗೆ ಹೋದಾಗ ರಕ್ತ, ಕೂತರೆ ನೋವು, ತುರಿಕೆ, ಕೈಗೆ ಸಿಗುವ ಗಂಟು. ಎರಡಕ್ಕೂ ಇವೇ ಲಕ್ಷಣ. ಖಾರದ ಊಟ, ಉಷ್ಣ, ಬಿಸಿಲಿನ ದುಡಿಮೆ ಎಂದು ಮನೆಯವರು ಕಾರಣ ಹೇಳುತ್ತಾರೆ; ಮಜ್ಜಿಗೆ, ಸುವರ್ಣಗಡ್ಡೆಯ ಪಥ್ಯ ನಡೆಯುತ್ತದೆ. ಉತ್ತರ ಕರ್ನಾಟಕದ ಪೇಟೆಗಳಲ್ಲೆಲ್ಲ ಮೂಲವ್ಯಾಧಿ, ಭಗಂದರಕ್ಕೆ ಆಪರೇಷನ್ ಇಲ್ಲದೆ ಗ್ಯಾರಂಟಿ ಇಲಾಜು ಎಂಬ ಫಲಕಗಳಿವೆ. ಪದವಿಯ ಗೊಡವೆಯಿಲ್ಲದ ಕೆಲವರು ಸುಡುವ ಮದ್ದು ಹಚ್ಚಿ, ಚುಚ್ಚಿ ಕಳಿಸುತ್ತಾರೆ. ಅಲ್ಲಿ ಹೆಸರು ಕೇಳುವುದಿಲ್ಲ, ರಕ್ತ ಪರೀಕ್ಷೆ ಇಲ್ಲ, ಎಚ್‌ಐವಿಯ ಮಾತು ಬರುವುದಿಲ್ಲ. ಅಂಜಿದವರಿಗೆ ಅದೇ ಅನುಕೂಲವೆನಿಸುತ್ತದೆ.

ಕಲಿತ ಆಯುರ್ವೇದ ವೈದ್ಯರ ಕೆಲಸವನ್ನು ಈ ಫಲಕಗಳ ಜೊತೆ ಸೇರಿಸಬಾರದು. ಭಗಂದರಕ್ಕೆ ಸುಶ್ರುತನ ಕಾಲದಿಂದ ಬಂದ ಕ್ಷಾರಸೂತ್ರವನ್ನು 1960ರ ದಶಕದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಪಿ.ಜೆ. ದೇಶಪಾಂಡೆ ಅವರು ಮತ್ತೆ ಬಳಕೆಗೆ ತಂದರು. ತಕ್ಕ ರೋಗಿಗೆ ಅದು ಒಳ್ಳೆಯ ಚಿಕಿತ್ಸೆ. ಆದರೆ ಯಾವ ಪದ್ಧತಿಯ ವೈದ್ಯನೇ ಆಗಲಿ, ಎಚ್‌ಐವಿ ಇರುವ ರೋಗಿಯ ಗುದದ್ವಾರದಲ್ಲಿ ಗಟ್ಟಿ ಗಂಟು ಅಥವಾ ಮಾಯದ ಹುಣ್ಣು ಕಂಡರೆ ಮೊದಲು ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕು. ಅಲೋಪಥಿಯವರ ತಪ್ಪೂ ಕಡಿಮೆಯದಲ್ಲ: ಕೈಗವಸು ತೊಟ್ಟು ಬೆರಳಿನಿಂದ ಪರೀಕ್ಷಿಸದೆ, ಕುರ್ಚಿಯಲ್ಲಿ ಕೂತಲ್ಲಿಂದಲೇ ಮುಲಾಮು ಬರೆದುಕೊಡುವುದು ಎಲ್ಲೆಡೆ ನಡೆದು ಬಂದಿದೆ.

ಇಪ್ಪತ್ತನೇ ಶತಮಾನದ ಬಹುಭಾಗ ಈ ಕ್ಯಾನ್ಸರಿಗೆ ಇದ್ದ ಚಿಕಿತ್ಸೆ ಕತ್ತರಿಯೊಂದೇ. ಲಂಡನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಮೈಲ್ಸ್ 1908ರಲ್ಲಿ ಗುದನಾಳದ ಕ್ಯಾನ್ಸರಿಗೆಂದು ವಿವರಿಸಿದ ಶಸ್ತ್ರಕ್ರಿಯೆಯಲ್ಲಿ ಗುದದ್ವಾರವನ್ನೇ ತೆಗೆದು, ಮಲವಿಸರ್ಜನೆಗೆ ಹೊಟ್ಟೆಯ ಮೇಲೆ ಕಾಯಂ ದಾರಿ ಮಾಡಲಾಗುತ್ತಿತ್ತು. 1974ರಲ್ಲಿ ಡೆಟ್ರಾಯಿಟ್‌ನ ನಾರ್ಮನ್ ನೈಗ್ರೊ, ಶಸ್ತ್ರಕ್ರಿಯೆಗೆ ಮುಂಚೆ ವಿಕಿರಣವನ್ನೂ ಕಿಮೋಥೆರಪಿಯನ್ನೂ ಒಟ್ಟಿಗೆ ಕೊಟ್ಟ ಮೂವರು ರೋಗಿಗಳ ವಿವರ ಪ್ರಕಟಿಸಿದರು. ಗೆಡ್ಡೆ ಕರಗಿಹೋಗಿತ್ತು. ಕತ್ತರಿಸುವ ಅಗತ್ಯವೇ ಇಲ್ಲವೆಂಬ ತಿಳಿವಳಿಕೆ ಅಲ್ಲಿಂದ ಬೆಳೆಯಿತು. ಇಂದಿನ ಪದ್ಧತಿಯೂ ಬಹುಮಟ್ಟಿಗೆ ಅದೇ: ಐದಾರು ವಾರ ವಿಕಿರಣ, ಜೊತೆಗೆ ಮೈಟೊಮೈಸಿನ್ ಹಾಗೂ ಫ್ಲೋರೊಯುರಾಸಿಲ್ ಅಥವಾ ಕ್ಯಾಪಿಸಿಟಬೈನ್. ಗೆಡ್ಡೆ ಪೂರ್ತಿ ಕರಗಲು ಆರು ತಿಂಗಳವರೆಗೂ ಹಿಡಿಯಬಹುದಾದ್ದರಿಂದ ಅವಸರದಲ್ಲಿ ಶಸ್ತ್ರಕ್ರಿಯೆಗೆ ಕೈಹಾಕುವುದಿಲ್ಲ. ಉಳಿದರೆ, ಇಲ್ಲವೇ ಮರುಕಳಿಸಿದರೆ ಮಾತ್ರ ಮೈಲ್ಸ್‌ನ ದಾರಿ.

ಎಚ್‌ಐವಿ ಇರುವವರಿಗೂ ಇದೇ ಚಿಕಿತ್ಸೆಯನ್ನು ಪೂರ್ಣ ಪ್ರಮಾಣದಲ್ಲಿ ಕೊಡಬಹುದು. ಎಆರ್‌ಟಿ ಗುಳಿಗೆಯನ್ನು ಒಂದು ದಿನವೂ ಬಿಡುವಂತಿಲ್ಲ. ವಿಕಿರಣದಿಂದ ಸಿಡಿ4 ಎಣಿಕೆ ಕುಸಿಯುವುದರಿಂದ ಅವಕಾಶ ಕಾಯುವ ಸೋಂಕುಗಳ ತಡೆಗೆ ಕೋಟ್ರೈಮಾಕ್ಸಜೋಲ್ ಬೇಕಾಗುತ್ತದೆ. ಚರ್ಮ ಸುಡುವುದು, ಭೇದಿ, ರಕ್ತಕಣಗಳ ಕೊರತೆ ಸಾಮಾನ್ಯ. ವಿಕಿರಣ ಚಿಕಿತ್ಸೆಗೆ ಈ ಭಾಗದವರು ಹೋಗುವುದು ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ, ಇಲ್ಲವೇ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿಗೆ. ಬಡವರಿಗೆ ದಾರಿ ತೆರೆದದ್ದು 2010ರಲ್ಲಿ ಉತ್ತರ ಕರ್ನಾಟಕದಿಂದಲೇ ಆರಂಭವಾದ ವಾಜಪೇಯಿ ಆರೋಗ್ಯಶ್ರೀ. 2018ರಲ್ಲಿ ಅದು ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದಲ್ಲಿ ಸೇರಿತು. ಯೋಜನೆ ಚಿಕಿತ್ಸೆಯ ಬಿಲ್ಲು ಕಟ್ಟುತ್ತದೆ. ಆರು ವಾರದ ಕೂಲಿ ತುಂಬಿಕೊಡುವುದಿಲ್ಲ. ಕಲಘಟಗಿಯ ಕಾಡಂಚಿನ ಊರಿನವನು ದಿನಾ ಬಸ್ಸಿನಲ್ಲಿ, ಸುಟ್ಟ ಚರ್ಮದ ಮೇಲೆ ಕೂತು, ಹೋಗಿ ಬರಬೇಕು. ನಡುವೆ ಚಿಕಿತ್ಸೆ ಬಿಟ್ಟರೆ ಗುಣವಾಗುವ ಸಂಭವ ಕುಗ್ಗುತ್ತದೆ.

ತಡೆಯುವ ವಿದ್ಯೆಯ ಇತಿಹಾಸ ಇನ್ನೂ ಹೊಸತು. ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ ಅವರ ಬಳಗ 1983ರಲ್ಲಿ ಗರ್ಭಕಂಠದ ಗೆಡ್ಡೆಯಲ್ಲಿ ಎಚ್‌ಪಿವಿ 16ನ್ನು ಗುರುತಿಸಿತು. 2008ರಲ್ಲಿ ಅವರಿಗೆ ನೊಬೆಲ್ ಬಂತು. ಲಸಿಕೆ 2006ರಲ್ಲಿ ಹೊರಬಂತು; ಗುದದ್ವಾರದ ಕ್ಯಾನ್ಸರ್ ತಡೆಗೂ ಅದಕ್ಕೆ ಅಮೆರಿಕದಲ್ಲಿ 2010ರಲ್ಲಿ ಒಪ್ಪಿಗೆ ಸಿಕ್ಕಿತು. ಅದೇ 2010ರಲ್ಲಿ ಅಂದಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ಲಸಿಕಾ ಯೋಜನೆ ವಿವಾದಕ್ಕೆ ಸಿಕ್ಕು ನಿಂತಿತು. ದೇಶದಲ್ಲಿ ಹಲವು ವರ್ಷ ಲಸಿಕೆಯ ಮಾತು ತಣ್ಣಗಾಯಿತು. 2023ರಲ್ಲಿ ಪುಣೆಯ ಸೀರಂ ಸಂಸ್ಥೆಯ ಸರ್ವವ್ಯಾಕ್ ಬಂದಾಗಲೂ ಚರ್ಚೆ ನಡೆದದ್ದು ಹುಡುಗಿಯರು ಮತ್ತು ಗರ್ಭಕಂಠದ ಸುತ್ತ. ಎಚ್‌ಐವಿ ಇರುವ ಹುಡುಗ ಹುಡುಗಿಯರಿಗೆ ಮೂರು ಡೋಸ್ ಬೇಕು, ಲೈಂಗಿಕ ಬದುಕು ಆರಂಭವಾಗುವ ಮುನ್ನ ಕೊಟ್ಟರೆ ಹೆಚ್ಚು ಫಲ. ಆಗಲೇ ಹೊಕ್ಕಿರುವ ವೈರಾಣುವನ್ನು ಲಸಿಕೆ ಓಡಿಸುವುದಿಲ್ಲ. ಕಾಂಡೋಮ್ ಎಚ್‌ಪಿವಿಯನ್ನು ಪೂರ್ತಿ ತಡೆಯದು, ಕಡಿಮೆ ಮಾಡುತ್ತದೆ.

ವಯಸ್ಸಾದ ಸೋಂಕಿತರಿಗೆ ಆಸೆ ಹುಟ್ಟಿಸಿದ್ದು ಆಂಕರ್ ಎಂಬ ಅಮೆರಿಕದ ಪ್ರಯೋಗ. 35 ದಾಟಿದ, ಎಚ್‌ಐವಿ ಇರುವ, ಗುದದ್ವಾರದಲ್ಲಿ ಕ್ಯಾನ್ಸರಿಗೆ ಮುಂಚಿನ ವಿಕಾರ ಕಂಡ 4,446 ಮಂದಿಯನ್ನು ಎರಡು ಪಾಲು ಮಾಡಿ, ಒಂದು ಪಾಲಿನವರ ವಿಕಾರಗೊಂಡ ಭಾಗವನ್ನು ಸುಟ್ಟು ತೆಗೆಯಲಾಯಿತು, ಇನ್ನೊಂದು ಪಾಲಿನವರ ಮೇಲೆ ನಿಗಾ ಇಡಲಾಯಿತು. ಚಿಕಿತ್ಸೆ ಪಡೆದವರಲ್ಲಿ 9 ಮಂದಿಗೆ, ನಿಗಾದಲ್ಲಿದ್ದವರಲ್ಲಿ 21 ಮಂದಿಗೆ ಕ್ಯಾನ್ಸರಾಯಿತು; ಅಪಾಯ ಶೇ 57ರಷ್ಟು ಇಳಿದಿತ್ತು. 2022ರಲ್ಲಿ ಫಲಿತಾಂಶ ಪ್ರಕಟವಾದ ಮೇಲೆ, 2024ರ ಅಂತರರಾಷ್ಟ್ರೀಯ ಮಾರ್ಗಸೂಚಿ ಪುರುಷರೊಡನೆ ಸಂಬಂಧವಿರುವ ಸೋಂಕಿತ ಪುರುಷರಿಗೂ ಟ್ರಾನ್ಸ್ ಮಹಿಳೆಯರಿಗೂ 35ರಿಂದ, ಸೋಂಕಿತರಾದ ಉಳಿದವರಿಗೆ 45ರಿಂದ ತಪಾಸಣೆ ಶುರುವಾಗಬೇಕೆಂದಿತು.

ಆ ತಪಾಸಣೆಗೆ ಗುದದ್ವಾರದ ಒಳಭಾಗವನ್ನು ದೊಡ್ಡದಾಗಿಸಿ ತೋರಿಸುವ ಯಂತ್ರ, ನುರಿತ ಕೈ ಎರಡೂ ಬೇಕು. ದೇಶದಲ್ಲಿ ಇವು ಇರುವ ಕಡೆ ವಿರಳ. ಆದರೆ ಅದರ ಮೂಲತತ್ವ ತಾಲ್ಲೂಕು ಆಸ್ಪತ್ರೆಗಳಿಗೆ ಹೊಸದೇನಲ್ಲ. ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ ಹಚ್ಚಿ ಬಿಳುಪೇರಿದ ಭಾಗವನ್ನು ನೋಡುವ ಪರೀಕ್ಷೆಯನ್ನು ನರ್ಸುಗಳೂ ಮಾಡುತ್ತಾರೆ. ಗುದದ್ವಾರದಲ್ಲೂ ಬಳಸುವುದು ಅದೇ ಆಮ್ಲ. ಯಂತ್ರ ಬರುವ ತನಕ ಬೆರಳಿನ ಪರೀಕ್ಷೆಗೆ ಕೈಗವಸು, ಜೆಲ್ಲಿ ಸಾಕು, ಒಂದೆರಡು ನಿಮಿಷದ ಕೆಲಸ. ಗಂಟು ಎರಡು ಸೆಂಟಿಮೀಟರ್ ಮೀರುವ ಮೊದಲೇ ಸಿಕ್ಕರೆ ವಿಕಿರಣ ಮತ್ತು ಔಷಧಿಯಿಂದ ಬಹುತೇಕ ರೋಗಿಗಳು ಗುಣವಾಗುತ್ತಾರೆ. ಗುಳಿಗೆ ಒಯ್ಯಲು ಬರುವ ಪ್ರತಿಯೊಬ್ಬರ ತೂಕ ನೋಡಿ, ಕೆಮ್ಮಿದೆಯೇ ಎಂದು ಕೇಳಿ ಬರೆದುಕೊಳ್ಳುವ ಎಆರ್‌ಟಿ ಕೇಂದ್ರಗಳು, 35 ದಾಟಿದವರಿಗೆ ವರ್ಷಕ್ಕೊಮ್ಮೆ ಈ ಪರೀಕ್ಷೆಯನ್ನೂ ಸೇರಿಸಿಕೊಳ್ಳಬೇಕು. ಎಚ್‌ಐವಿ ಇರುವವರು ಮಲದಲ್ಲಿ ರಕ್ತ, ಗಂಟು, ಮಾಯದ ಹುಣ್ಣು ಕಂಡರೆ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸದೆ, ತಮ್ಮ ಸೋಂಕಿನ ವಿಷಯವನ್ನು ಮುಚ್ಚಿಡದೆ, ಸರ್ಕಾರಿ ಆಸ್ಪತ್ರೆಯ ಶಸ್ತ್ರವೈದ್ಯರಿಗೆ ತೋರಿಸಬೇಕು. ಗುಟ್ಟು ಕಾಯುವುದು ಆಸ್ಪತ್ರೆಯ ಕಾನೂನುಬದ್ಧ ಕರ್ತವ್ಯ.