ಕಾತ್ರಜ್ ಗುಡ್ಡದ ಕರಿಕಲ್ಲು

ಧನಕವಡಿಯಿಂದ ದಕ್ಷಿಣಕ್ಕೆ ಕಾತ್ರಜ್ ಘಾಟ್ ಹತ್ತುವಾಗ ರಸ್ತೆಗೆಂದು ಕಡಿದ ಗುಡ್ಡದ ಮೈ ನೋಡಿ. ಕಲ್ಲು ಪದರು ಪದರಾಗಿ ಕೂತಿರುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಲಾವಾ ಒಂದರ ಮೇಲೊಂದು ಹರಿದು ಹೆಪ್ಪುಗಟ್ಟಿದ್ದು ಇದು. ಹಿಮಾಲಯ ಎರಡು ಭೂಖಂಡಗಳು ಡಿಕ್ಕಿಯಾಗಿ ಎದ್ದದ್ದು. ಸಹ್ಯಾದ್ರಿ ಪ್ರಸ್ಥಭೂಮಿ ಸವೆದು ಉಳಿದ ಅಂಚು. ಮೆಟ್ಟಿಲಿನಂಥ ಈ ರೂಪಕ್ಕೇ 'ಟ್ರ್ಯಾಪ್' ಎಂಬ ಹೆಸರು, ಸ್ವೀಡಿಷ್ ಭಾಷೆಯ ಮೆಟ್ಟಿಲಿನಿಂದ ಬಂದದ್ದು.

ಮುಂಬಯಿ ಸೈನ್ಯದ ಕರ್ನಲ್ ಸೈಕ್ಸ್ ದಖ್ಖನ್ನಿನ ಈ ಕಲ್ಲುಗಳ ಬಗ್ಗೆ ಲಂಡನ್ನಿನ ಭೂವಿಜ್ಞಾನ ಸಂಘದ ಸಂಪುಟದಲ್ಲಿ 1836ರಲ್ಲಿ ಬರೆದ. ಕಲ್ಲುಕುಟಿಗರಿಗೆ ಅದು ಎಂದೋ ಗೊತ್ತಿತ್ತು, ಬಿಡಿ. ವಿಜಾಪುರದ ಗೋಲಗುಂಬಜ್ ಎದ್ದದ್ದೂ ಇದೇ ಕರಿಕಲ್ಲಿನಲ್ಲಿ. ಆ ಕಡೆಯಿಂದ ಪುಣೆಗೆ ಬಂದ ನಮ್ಮವರು ಊರು ಬಿಟ್ಟರೂ ಕಲ್ಲು ಬಿಟ್ಟಿಲ್ಲ!

ಕಲ್ಲು ಗಟ್ಟಿಯೇ. ಆದರೆ ಅದರ ಮೇಲ್ಮೈ ಶಿಥಿಲವಾಗಿ ಮುರುಮ, ಮಣ್ಣು ಆಗುತ್ತದೆ. ಮಳೆನೀರು ಕುಡಿದರೆ ಭಾರವಾಗಿ ಜಾರುತ್ತದೆ. ಇಳಿಜಾರಿನಲ್ಲಿ ಸೈಟು ನೋಡುವವರು ಆ ಮಣ್ಣು ಎಷ್ಟು ದಪ್ಪ, ನೀರು ಎಲ್ಲಿ ಇಳಿಯುತ್ತದೆ ಎಂದು ಮೊದಲು ಕೇಳಬೇಕು. 2014ರ ಜುಲೈ 30ರ ಬೆಳಿಗ್ಗೆ ಪುಣೆ ಜಿಲ್ಲೆಯ ಮಾಳೀಣ ಗ್ರಾಮದ ಮೇಲೆ ಗುಡ್ಡ ಜಾರಿತು. 150ಕ್ಕೂ ಹೆಚ್ಚು ಜನ ತೀರಿಕೊಂಡರು. ಆ ದಾರಿಯಲ್ಲಿ ಬಂದ ಎಸ್.ಟಿ. ಬಸ್ಸಿನ ಚಾಲಕ ಊರೇ ಕಾಣದ್ದನ್ನು ನೋಡಿ ಸುದ್ದಿ ಮುಟ್ಟಿಸಿದ.