ಆಂಟನ್ ಚೆಕಾಫ್ ಮತ್ತು ಮಾಸ್ಕೋ ಆರ್ಟ್ ಥಿಯೇಟರ್

ಆಂಟನ್ ಪಾವ್ಲೊವಿಚ್ ಚೆಕಾಫ್ (1860–1904) ರಷ್ಯಾದ ನಾಟಕಕಾರ, ಸಣ್ಣಕತೆಗಾರ ಹಾಗೂ ವೈದ್ಯ. 1898ರಿಂದ ಜೀವನದ ಕೊನೆಯವರೆಗೆ ಅವರು ಮಾಸ್ಕೋ ಆರ್ಟ್ ಥಿಯೇಟರಿನ ನಟನಟಿಯರೊಂದಿಗೆ ನಿಕಟ ಸ್ನೇಹ ಹೊಂದಿದ್ದರು. ಅವರ ನಾಲ್ಕು ಪ್ರಮುಖ ನಾಟಕಗಳಾದ 'ದಿ ಸೀಗಲ್', 'ಅಂಕಲ್ ವಾನ್ಯಾ', 'ತ್ರೀ ಸಿಸ್ಟರ್ಸ್' ಮತ್ತು 'ದಿ ಚೆರ್ರಿ ಆರ್ಚರ್ಡ್'ಗಳನ್ನು ಈ ತಂಡವು ಪ್ರಯೋಗಿಸಿತು. ಕ್ಷಯರೋಗದಿಂದಾಗಿ ಚೆಕಾಫ್ ಈ ಅವಧಿಯ ಬಹುಭಾಗವನ್ನು ಮಾಸ್ಕೋದಿಂದ ದೂರದಲ್ಲಿ ಕಳೆಯಬೇಕಾಯಿತು. ಹೀಗಾಗಿ ತಮ್ಮ ನಾಟಕಗಳ ಮೊದಲ ಪ್ರದರ್ಶನಗಳ ವಿವರಗಳನ್ನು ಅವರು ಹೆಚ್ಚಾಗಿ ತಂತಿ ಮತ್ತು ಪತ್ರಗಳ ಮೂಲಕವೇ ತಿಳಿದುಕೊಂಡರು. ಈ ಲೇಖನದ ದಿನಾಂಕಗಳು ಅಂದು ರಷ್ಯಾದಲ್ಲಿ ಬಳಕೆಯಲ್ಲಿದ್ದ ಹಳೆಯ ಕ್ಯಾಲೆಂಡರಿನವು.

ಆರಂಭಿಕ ರಂಗಾನುಭವ

ಚೆಕಾಫ್ ಹುಟ್ಟಿದ್ದು ಟಗನ್‌ರೋಗ್ ಎಂಬ ಬಂದರು ನಗರದಲ್ಲಿ. ಶಾಲಾದಿನಗಳಲ್ಲಿಯೇ ಅವರು ಅಲ್ಲಿನ ರಂಗಮಂದಿರದ ಗ್ಯಾಲರಿಯಲ್ಲಿ ಕುಳಿತು ನಾಟಕಗಳನ್ನು ನೋಡುತ್ತಿದ್ದರು. 1884ರಲ್ಲಿ ಮಾಸ್ಕೋದಲ್ಲಿ ವೈದ್ಯಕೀಯ ಶಿಕ್ಷಣ ಮುಗಿಸಿದ ನಂತರ ಚಿಕಿತ್ಸೆ ಮತ್ತು ಬರವಣಿಗೆ ಎರಡನ್ನೂ ಮುಂದುವರಿಸಿದರು.

1896ರ ಅಕ್ಟೋಬರ್ 17ರಂದು ಪೀಟರ್ಸ್‌ಬರ್ಗಿನ ಅಲೆಕ್ಸಾಂಡ್ರಿನ್ಸ್ಕಿ ರಂಗಮಂದಿರದಲ್ಲಿ 'ದಿ ಸೀಗಲ್' ಮೊದಲ ಬಾರಿ ಪ್ರದರ್ಶನಗೊಂಡಾಗ ಪ್ರೇಕ್ಷಕರು ಅದನ್ನು ಅಪಹಾಸ್ಯ ಮಾಡಿದರು. ಚೆಕಾಫ್ ಪ್ರೇಕ್ಷಕಾಂಗಣವನ್ನು ಬಿಟ್ಟು ತೆರೆಯ ಹಿಂದೆ ಕುಳಿತರು. ಮರುದಿನವೇ ನಗರವನ್ನು ತೊರೆದರು. ಮುಂದೆ ನಾಟಕ ಬರೆಯುವುದಿಲ್ಲವೆಂದು ಆಪ್ತರಲ್ಲಿ ಹೇಳಿಕೊಂಡರು. 1897ರ ಮಾರ್ಚ್‌ನಲ್ಲಿ ಶ್ವಾಸಕೋಶದಿಂದ ತೀವ್ರ ರಕ್ತಸ್ರಾವವಾಗಿ ಕ್ಷಯರೋಗವಿರುವುದು ದೃಢಪಟ್ಟಿತು.

ತಂಡದ ಸಂಪರ್ಕ

ಕಾನ್‌ಸ್ಟಾಂಟಿನ್ ಸ್ಟಾನಿಸ್ಲಾವ್‌ಸ್ಕಿ ಮತ್ತು ವ್ಲಾದಿಮಿರ್ ನೆಮಿರೊವಿಚ್-ದಾನ್ಚೆಂಕೊ 1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರನ್ನು ಆರಂಭಿಸಿದರು. ನೆಮಿರೊವಿಚ್ ಒತ್ತಾಯಿಸಿ ಕೇಳಿದ ನಂತರ ಚೆಕಾಫ್ 'ದಿ ಸೀಗಲ್' ಪ್ರಯೋಗಕ್ಕೆ ಒಪ್ಪಿದರು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ತಾಲೀಮು ನೋಡಲು ಹೋದಾಗ ನಟಿ ಓಲ್ಗಾ ಕ್ನಿಪರ್ ಅವರ ಪರಿಚಯವಾಯಿತು. ಡಿಸೆಂಬರ್ 17ರ ಪ್ರದರ್ಶನವು ದೊಡ್ಡ ಯಶಸ್ಸು ಕಂಡಿತು. ಆಗ ಚೆಕಾಫ್ ಯಾಲ್ಟಾದಲ್ಲಿದ್ದರು. ತಮಗಾಗಿ ಏರ್ಪಡಿಸಿದ ಖಾಸಗಿ ಪ್ರದರ್ಶನದಲ್ಲಿ ಅವರು ಆ ಪ್ರಯೋಗವನ್ನು ನೋಡಿದ್ದು 1899ರ ಮೇ ತಿಂಗಳಲ್ಲಿ.

ಯಾಲ್ಟಾದ ದಿನಚರಿ

ವೈದ್ಯರ ಸಲಹೆಯಂತೆ ಚೆಕಾಫ್ ಕ್ರಿಮಿಯಾದ ಯಾಲ್ಟಾದಲ್ಲಿ ಮನೆ ಕಟ್ಟಿಸಿಕೊಂಡು, 1899ರಿಂದ ತಾಯಿ ಯೆವ್ಗೇನಿಯಾ ಮತ್ತು ಸಹೋದರಿ ಮರಿಯಾ ಅವರೊಂದಿಗೆ ಅಲ್ಲಿ ನೆಲೆಸಿದರು. ಬರವಣಿಗೆ, ಪತ್ರವ್ಯವಹಾರ, ತೋಟದ ಕೆಲಸ ಹಾಗೂ ಚಿಕಿತ್ಸೆಗಾಗಿ ಯಾಲ್ಟಾಕ್ಕೆ ಬರುವ ಬಡ ಕ್ಷಯರೋಗಿಗಳಿಗೆ ನೆರವು ಅವರ ದಿನಚರಿಯ ಭಾಗವಾಗಿದ್ದವು. ಅತಿಥಿಗಳ ಗದ್ದಲ ಬರವಣಿಗೆಗೆ ಅಡ್ಡಿಯಾಗುತ್ತಿತ್ತು. ಒಂಟಿತನವೂ ಅವರನ್ನು ಕಾಡುತ್ತಿತ್ತು. 1899ರ ಅಕ್ಟೋಬರ್‌ನಲ್ಲಿ ಮಾಸ್ಕೋದಲ್ಲಿ 'ಅಂಕಲ್ ವಾನ್ಯಾ' ಪ್ರದರ್ಶನಗೊಂಡ ನಂತರ ಅಭಿನಂದನೆಯ ತಂತಿಗಳನ್ನು ದೂರವಾಣಿಯಲ್ಲಿ ಕೇಳಲು, ಕತ್ತಲಲ್ಲಿ ಬರಿಗಾಲಿನಲ್ಲೇ ಮತ್ತೆ ಮತ್ತೆ ಎದ್ದು ಓಡಬೇಕಾಯಿತೆಂದು ಅವರು ಕ್ನಿಪರ್ ಅವರಿಗೆ ಬರೆದರು.

ನಾಟಕಕಾರರು ಮಾಸ್ಕೋಗೆ ಬರಲಾಗದ ಕಾರಣ 1900ರ ಏಪ್ರಿಲ್‌ನಲ್ಲಿ ತಂಡವೇ ಕ್ರಿಮಿಯಾಕ್ಕೆ ಪ್ರವಾಸ ಬಂದಿತು. ಸೆವಾಸ್ಟೊಪೋಲ್‌ನಲ್ಲಿ ಚೆಕಾಫ್ 'ಅಂಕಲ್ ವಾನ್ಯಾ'ವನ್ನು ಈ ತಂಡದ ಪ್ರಯೋಗದಲ್ಲಿ ಮೊದಲ ಬಾರಿ ನೋಡಿದರು. ಬಳಿಕ ಯಾಲ್ಟಾದಲ್ಲಿಯೂ ಪ್ರದರ್ಶನಗಳು ನಡೆದವು. ಆ ದಿನಗಳಲ್ಲಿ ನಟನಟಿಯರು ನಿತ್ಯವೂ ಅವರ ಮನೆಯಲ್ಲಿ ಊಟ, ಚಹಾ ಮತ್ತು ಮಾತುಕತೆಗೆ ಸೇರುತ್ತಿದ್ದರು. ಮ್ಯಾಕ್ಸಿಮ್ ಗೋರ್ಕಿ, ಇವಾನ್ ಬೂನಿನ್ ಮುಂತಾದ ಲೇಖಕರೂ ಅಲ್ಲಿದ್ದರು.

ನಟರಿಗಾಗಿ ಬರೆದ ಪಾತ್ರಗಳು

ಈ ಒಡನಾಟದ ಪರಿಣಾಮವಾಗಿ ಚೆಕಾಫ್ ನಿರ್ದಿಷ್ಟ ನಟರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯತೊಡಗಿದರು. 'ತ್ರೀ ಸಿಸ್ಟರ್ಸ್' (1901) ನಾಟಕದ ಮಾಷಾ ಪಾತ್ರವನ್ನು ಕ್ನಿಪರ್ ಅವರಿಗಾಗಿ ರಚಿಸಿದರು. 'ದಿ ಚೆರ್ರಿ ಆರ್ಚರ್ಡ್'ನ ಲೊಪಾಖಿನ್ ಪಾತ್ರವನ್ನು ಸ್ಟಾನಿಸ್ಲಾವ್‌ಸ್ಕಿ ಮಾಡಬೇಕೆಂಬುದು ಅವರ ಇಚ್ಛೆಯಾಗಿತ್ತು; ಆದರೆ ಸ್ಟಾನಿಸ್ಲಾವ್‌ಸ್ಕಿ ಗಾಯೆವ್ ಪಾತ್ರವನ್ನು ಆರಿಸಿಕೊಂಡರು.

ಸ್ನೇಹವಿದ್ದರೂ ಭಿನ್ನಾಭಿಪ್ರಾಯಗಳಿದ್ದವು. 'ದಿ ಸೀಗಲ್'ನಲ್ಲಿ ಸ್ಟಾನಿಸ್ಲಾವ್‌ಸ್ಕಿ ಟ್ರಿಗೊರಿನ್ ಪಾತ್ರವನ್ನು ನಿರ್ವಹಿಸಿದ ರೀತಿ ಚೆಕಾಫ್‌ಗೆ ಹಿಡಿಸಲಿಲ್ಲ. ತಾವು ಹಾಸ್ಯನಾಟಕವೆಂದು ಕರೆದ 'ದಿ ಚೆರ್ರಿ ಆರ್ಚರ್ಡ್' ಅನ್ನು ತಂಡವು ಶೋಕನಾಟಕದಂತೆ ಪ್ರದರ್ಶಿಸಿತೆಂಬ ಆಕ್ಷೇಪವನ್ನೂ ಅವರು ವ್ಯಕ್ತಪಡಿಸಿದರು.

ವಿವಾಹ ಮತ್ತು ಕೊನೆಯ ವರ್ಷಗಳು

1901ರ ಮೇ 25ರಂದು ಚೆಕಾಫ್ ಮತ್ತು ಕ್ನಿಪರ್ ಮಾಸ್ಕೋದಲ್ಲಿ ವಿವಾಹವಾದರು. ನಾಟಕದ ಋತುವಿನಲ್ಲಿ ಕ್ನಿಪರ್ ಮಾಸ್ಕೋದಲ್ಲಿರಬೇಕಿತ್ತು, ಚಳಿಗಾಲದಲ್ಲಿ ಚೆಕಾಫ್ ಯಾಲ್ಟಾದಲ್ಲಿರಬೇಕಿತ್ತು. ಅಭಿನಯವನ್ನು ಬಿಡುವಂತೆ ಚೆಕಾಫ್ ಒತ್ತಾಯಿಸಲಿಲ್ಲ. ತಾಲೀಮು, ಆರೋಗ್ಯ, ಮನೆವಾರ್ತೆ ಮತ್ತು ಅಗಲಿಕೆಯ ಸಂಗತಿಗಳಿಂದ ಕೂಡಿದ ಅವರ ನೂರಾರು ಪತ್ರಗಳು ಆ ಕಾಲದ ರಂಗಭೂಮಿಯ ಇತಿಹಾಸಕ್ಕೆ ಮುಖ್ಯ ಆಕರಗಳಾಗಿವೆ.

'ದಿ ಚೆರ್ರಿ ಆರ್ಚರ್ಡ್' 1904ರ ಜನವರಿ 17ರಂದು, ಚೆಕಾಫ್ ಅವರ ನಲವತ್ತನಾಲ್ಕನೆಯ ಹುಟ್ಟುಹಬ್ಬದಂದು, ಮೊದಲ ಬಾರಿ ಪ್ರದರ್ಶನಗೊಂಡಿತು. ಮೂರನೆಯ ಅಂಕದ ನಂತರ ಅವರನ್ನು ರಂಗದ ಮೇಲೆ ಸನ್ಮಾನಿಸಲಾಯಿತು. ಕೆಮ್ಮುತ್ತಿದ್ದ ಅವರನ್ನು ಕುಳಿತುಕೊಳ್ಳುವಂತೆ ಪ್ರೇಕ್ಷಕರು ಕೂಗಿ ಕೇಳಿಕೊಂಡರೂ ಅವರು ಕೊನೆಯವರೆಗೆ ನಿಂತೇ ಇದ್ದರೆಂದು ಸ್ಟಾನಿಸ್ಲಾವ್‌ಸ್ಕಿ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಅದೇ ವರ್ಷದ ಜುಲೈ 2ರಂದು (ಹೊಸ ಕ್ಯಾಲೆಂಡರಿನಂತೆ ಜುಲೈ 15) ಜರ್ಮನಿಯ ಬಾಡೆನ್‌ವೈಲರ್‌ನಲ್ಲಿ ಚೆಕಾಫ್ ನಿಧನರಾದರು. ಕ್ನಿಪರ್ ಜೊತೆಯಲ್ಲಿದ್ದರು.

ಪರಂಪರೆ

ಹಾರುವ ಕಡಲಹಕ್ಕಿಯ ಚಿತ್ರವು ಮಾಸ್ಕೋ ಆರ್ಟ್ ಥಿಯೇಟರಿನ ಲಾಂಛನವಾಗಿದೆ. ಯಾಲ್ಟಾದ ಮನೆಯು ವಸ್ತುಸಂಗ್ರಹಾಲಯವಾಗಿದ್ದು, 1957ರಲ್ಲಿ ನಿಧನರಾಗುವವರೆಗೆ ಮರಿಯಾ ಅದನ್ನು ಕಾಪಾಡಿಕೊಂಡು ಬಂದರು. 1959ರಲ್ಲಿ ನಿಧನರಾದ ಓಲ್ಗಾ ಕ್ನಿಪರ್ ಅವರು ಚೆಕಾಫ್ ಸಾವಿನ ನಂತರವೂ ದೀರ್ಘಕಾಲ ಇದೇ ತಂಡದಲ್ಲಿ ಅಭಿನಯಿಸಿದರು.